ಹೈಸ್ಕೂಲ್ ಗೆಳೆಯರ ಸಮ್ಮಿಲನಕ್ಕೆ ಆರ್ಕೆಸ್ಟ್ರಾನಾ, ಡಿಜೆನಾ, ಇಲ್ಲಾ ಸುಮ್ನೆ ಮಾತಾ?

ಕಬ್ಬಿನಗದ್ದೆ:
ಎಲ್ಲರಿಗೂ ನಮಸ್ಕಾರ. ಮಂಡ್ಯದ ಹತ್ತಿರ ಒಂದು ಹಳ್ಳಿ ಹೈಸ್ಕೂಲಿನಲ್ಲಿ ಓದಿದವರು ನಾವು. 2000ನೇ ಇಸವಿಯ ಎಸ್ಸೆಸ್ಸೆಲ್ಸಿ. 25 ವರ್ಷ ತುಂಬಿತು, ಒಂದು ದಿನ ಎಲ್ಲರೂ ಸೇರೋಣ ಅಂತ ವಾಟ್ಸಾಪ್ ಗುಂಪು ಮಾಡಿದೆವು. ಸೇರುವುದಕ್ಕೆ ಯಾರದ್ದೂ ತಕರಾರಿಲ್ಲ. ಊಟದ ಬಗ್ಗೆಯೂ ಇಲ್ಲ. ಜಗಳ ಎಲ್ಲಾ ಮನರಂಜನೆಗೆ.

ಒಂದು ಕಡೆಯವರು ಆರ್ಕೆಸ್ಟ್ರಾ ಬೇಕು ಅನ್ನುತ್ತಾರೆ. ಗಣೇಶನ ಹಬ್ಬದಲ್ಲಿ ರಾತ್ರಿಯೆಲ್ಲಾ ನಿಂತು ನೋಡಿ ಬೆಳೆದವರು, ಅವರ ತಪ್ಪಲ್ಲ ಬಿಡಿ. ಬೆಂಗಳೂರಿನಲ್ಲಿರುವವರು ಡಿಜೆ ಮತ್ತು ಒಬ್ಬ ಆಂಕರ್ ಸಾಕು ಅನ್ನುತ್ತಾರೆ. ಇನ್ನು ಮೂರು ಜನ ಶ್ರೀರಂಗಪಟ್ಟಣದ ಕಡೆ ರೆಸಾರ್ಟ್ ನೋಡಿಕೊಂಡು ಬಂದೇ ಬಿಟ್ಟಿದ್ದಾರೆ. ಊರಿನಲ್ಲೇ ಇರುವವರು ಮಾತ್ರ ಏನೂ ಹೇಳುವುದಿಲ್ಲ, ಎಲ್ಲದಕ್ಕೂ ಹೆಬ್ಬೆಟ್ಟು ಒತ್ತುತ್ತಾರೆ.

ಲೆಕ್ಕ ಹೀಗಿದೆ. ಗುಂಪಿನಲ್ಲಿ 38 ಜನ, ಅದರಲ್ಲಿ ಹೆಣ್ಣುಮಕ್ಕಳು 11. ತಲೆಗೆ 1,500 ರೂಪಾಯಿ ಅಂತ ಮಾತಾಗಿದೆ. ಅಂದರೆ 57 ಸಾವಿರ. ಆರ್ಕೆಸ್ಟ್ರಾದವರು ಒಬ್ಬರೇ 40 ಸಾವಿರ ಕೇಳಿದರು. ಮೇಷ್ಟ್ರುಗಳಿಗೆ ಸನ್ಮಾನ, ಊಟ, ಶಾಮಿಯಾನ ಎಲ್ಲಾ ಉಳಿದ ದುಡ್ಡಿನಲ್ಲೇ ಆಗಬೇಕು. ಜಾಗ ನಮ್ಮ ಶಾಲೆಯ ಮೈದಾನ. ಈಗಿನ ಹೆಡ್‌ಮಾಸ್ಟರು ಒಪ್ಪಿದ್ದಾರೆ. ಸಂಕ್ರಾಂತಿ ಆದ ಮೇಲಿನ ಭಾನುವಾರ, ಬೆಳಿಗ್ಗೆ 10ರಿಂದ ಸಂಜೆ 5.

ಮಾಡಿ ಅನುಭವ ಇರುವವರು ಹೇಳಿ. ಏನು ಇಟ್ಟರೆ ಜನ ಬೋರಾಗದೆ ಕೂರುತ್ತಾರೆ?

ಚಾಮುಂಡಿ ಮೆಟ್ಟಿಲು:
ದಿನ ಚೆನ್ನಾಗಿ ಆರಿಸಿದ್ದೀರಿ. ಬೆಂಗಳೂರಿನವರು ಹೇಗೂ ಹಬ್ಬಕ್ಕೆ, ದನ ಕಿಚ್ಚು ಹಾಯಿಸುವುದಕ್ಕೆ ಊರಿಗೆ ಬಂದಿರುತ್ತಾರೆ. ಭತ್ತದ ಕೊಯ್ಲೂ ಮುಗಿದಿರುತ್ತದೆ. ನಮ್ಮವರು ಆಗಸ್ಟಿನಲ್ಲಿ ಇಟ್ಟು ಕೆಟ್ಟರು. ಕೆಆರ್‌ಎಸ್‌ನಿಂದ ನಾಲೆಗೆ ನೀರು ಬಿಟ್ಟಿದ್ದರು, ನಾಟಿ ಬಿಟ್ಟು ಯಾವ ರೈತ ಬರುತ್ತಾನೆ? ಬಂದವರಿಗೂ ಶ್ರಾವಣ, ಬಾಡೂಟ ಇಲ್ಲ.

ಹಿಂದಿನ ಬೆಂಚು:
ಆರ್ಕೆಸ್ಟ್ರಾ ಹಾಕಿ ಸಾರ್. ಲೈಫಲ್ಲಿ ಒಂದ್ಸಲ.

ವಿಸಿ ನಾಲೆ ಏರಿ:
ಹಾಕಬೇಡಿ. ಅನುಭವದಿಂದ ಹೇಳುತ್ತಿದ್ದೇನೆ.

ಎರಡು ವರ್ಷದ ಹಿಂದೆ ನಮ್ಮದಾಯಿತು. ಒಳ್ಳೆಯ ತಂಡ, ಚೆನ್ನಾಗಿಯೇ ಹಾಡಿದರು. ಆದರೆ ಸ್ಪೀಕರು ಎಷ್ಟು ಜೋರು ಅಂದರೆ ಪಕ್ಕದಲ್ಲಿ ಕೂತವನ ಮಾತು ಕೇಳುತ್ತಿರಲಿಲ್ಲ. 22 ವರ್ಷದ ಮೇಲೆ ಸಿಕ್ಕಿದ ಗೆಳೆಯನಿಗೆ ಮೂರು ಸಲ ಕೇಳಿದೆ, "ಈಗ ಎಲ್ಲಿದ್ದೀಯ?" ಅಂತ. ಅವನು ಮೂರು ಸಲವೂ "ಹೂಂ, ಊಟ ಆಯ್ತು" ಅಂದ. ಮಧ್ಯಾಹ್ನದ ಹೊತ್ತಿಗೆ ಅರ್ಧ ಜನ ಕಾಂಪೌಂಡಿನ ಆಚೆ, ಹುಣಸೆಮರದ ಕೆಳಗೆ ನಿಂತು ಮಾತಾಡುತ್ತಿದ್ದರು. ಒಳಗೆ ಹಾಡುಗಾರರು ಖಾಲಿ ಕುರ್ಚಿಗಳಿಗೆ "ಎಲ್ಲಿ, ಒಂದು ಜೋರು ಚಪ್ಪಾಳೆ" ಅಂತ ಕೇಳುತ್ತಿದ್ದರು. 35 ಸಾವಿರ ಕೊಟ್ಟು ಮರದ ನೆರಳು ಹುಡುಕಿಕೊಂಡ ಹಾಗಾಯಿತು.

ಹಿಂದಿನ ಬೆಂಚು:
ಅದು ಸೌಂಡ್‌ನವನ ತಪ್ಪು, ಆರ್ಕೆಸ್ಟ್ರಾದ್ದಲ್ಲ. ವಾಲ್ಯೂಮ್ ಕಮ್ಮಿ ಮಾಡಿಸಬೇಕಿತ್ತು.

ವಿಸಿ ನಾಲೆ ಏರಿ:
ಮಂಡ್ಯದಲ್ಲಿ ಸೌಂಡ್ ಕಮ್ಮಿ ಮಾಡಪ್ಪಾ ಅಂತ ಹೇಳಿ ಗೆದ್ದವರನ್ನ ನೀವು ನೋಡಿದ್ದೀರಾ?

ಲೆಕ್ಕದ ಪುಸ್ತಕ:
ಒಂದು ಕಾನೂನು ವಿಷಯ. ಶಾಲೆ, ಆಸ್ಪತ್ರೆ, ಕೋರ್ಟು ಇವುಗಳ ಸುತ್ತ 100 ಮೀಟರನ್ನು ನಿಶ್ಶಬ್ದ ವಲಯ ಅಂತ ಘೋಷಿಸಲು ಶಬ್ದ ಮಾಲಿನ್ಯ ನಿಯಮದಲ್ಲಿ ಅವಕಾಶ ಇದೆ. ಆ ನಿಯಮ ಬಂದಿದ್ದು 2000ದಲ್ಲಿ, ಅಂದರೆ ನೀವು ಎಸ್ಸೆಸ್ಸೆಲ್ಸಿ ಬರೆದ ವರ್ಷವೇ. ಧ್ವನಿವರ್ಧಕಕ್ಕೆ ಅನುಮತಿ ಬೇಕು. ರಾತ್ರಿ 10ರಿಂದ ಬೆಳಿಗ್ಗೆ 6ರ ತನಕವಂತೂ ಬಯಲಿನಲ್ಲಿ ಹಾಕುವ ಹಾಗೇ ಇಲ್ಲ. ನಿಮ್ಮದು ಹಗಲು ಕಾರ್ಯಕ್ರಮ, ಆದರೂ ಸ್ಟೇಷನ್ನಿನಲ್ಲಿ ಒಂದು ಅರ್ಜಿ ಕೊಟ್ಟು ಇಟ್ಟುಕೊಳ್ಳಿ. ನಾಳೆ ಹೆಡ್‌ಮಾಸ್ಟರ ತಲೆಗೆ ಬರಬಾರದು.

ಮದ್ದೂರ್ ವಡೆ:
ಭಾನುವಾರ ಶಾಲೆಗೆ ರಜಾ ಅಲ್ವಾ, ಯಾರಿಗೆ ನಿಶ್ಶಬ್ದ?

ಲೆಕ್ಕದ ಪುಸ್ತಕ:
ಪಕ್ಕದಲ್ಲಿ ಮನೆಗಳಿಲ್ಲವೇ ಸ್ವಾಮಿ.

ಎಕ್ಸ್‌ಪ್ರೆಸ್‌ವೇ ಬೇಸತ್ತವನು:
ರೆಸಾರ್ಟ್ ಬಗ್ಗೆ ಯಾಕೆ ಎಲ್ಲರೂ ಮೂಗು ಮುರಿಯುತ್ತೀರಿ? ಬಿಸಿಲಿಲ್ಲ, ಶೌಚಾಲಯ ಚೆನ್ನಾಗಿರುತ್ತದೆ, ಪೂಲ್ ಇರುತ್ತದೆ. ಆಟ ಆಡಿಸುವುದಕ್ಕೆ ಅವರದೇ ಜನ ಇರುತ್ತಾರೆ. ಬೆಂಗಳೂರಿನಿಂದ ಬರುವವರಿಗೂ ಸುಲಭ.

ಚಾಮುಂಡಿ ಮೆಟ್ಟಿಲು:
ನಿಮಗೆ ಸುಲಭ. ಊರಿನಲ್ಲಿ ಟಿವಿಎಸ್ ಓಡಿಸಿಕೊಂಡು ಇರುವವನು ಎಕ್ಸ್‌ಪ್ರೆಸ್‌ವೇ ಹತ್ತುವ ಹಾಗಿಲ್ಲ. 2023ರ ಆಗಸ್ಟಿನಿಂದ ಬೈಕಿಗೆ ಅಲ್ಲಿ ಪ್ರವೇಶ ಇಲ್ಲ, ಸರ್ವಿಸ್ ರಸ್ತೆಯೇ ಗತಿ. ದಾರಿ ಬಿಡಿ, ರೆಸಾರ್ಟಿನ ಗೇಟಿನಲ್ಲಿ ಹೆಸರು ಬರೆಸಿ, ಕೈಗೆ ಬಣ್ಣದ ಪಟ್ಟಿ ಕಟ್ಟಿಸಿಕೊಂಡು ಒಳಗೆ ಹೋಗು ಅಂದರೆ ಅವನು ಬರುವುದೇ ಇಲ್ಲ. "ಏನೋ ಕೆಲಸ ಇದೆ ಕಣಪ್ಪಾ" ಅಂತಾನೆ. ಆ ಕೆಲಸ ಏನು ಅಂತ ನಮಗೆ ಗೊತ್ತು.

ಎಕ್ಸ್‌ಪ್ರೆಸ್‌ವೇ ಬೇಸತ್ತವನು:
ಅದು ಸರಿ. ಆ ಕಡೆಯಿಂದ ಯೋಚಿಸಿರಲಿಲ್ಲ.

ರಾಗಿಮುದ್ದೆ ರಂಗ:
ರೆಸಾರ್ಟ್ ಬೇಡ ಅಂದರೆ ಬಲಮುರಿಗೆ ಹೋಗಿ. ಎಲ್ಲರೂ ನೀರಿಗೆ ಬಿದ್ದು ಆಟ ಆಡಿ, ದಡದಲ್ಲೇ ಅಡುಗೆ ಮಾಡಿಕೊಂಡು ತಿಂದು ಬನ್ನಿ. ಕಾಸಿಲ್ಲದ ಮನರಂಜನೆ.

ವಿಸಿ ನಾಲೆ ಏರಿ:
ದಯವಿಟ್ಟು ಬೇಡ. ಮೇಲಿಂದ ನೋಡಿದರೆ ಮೊಣಕಾಲುದ್ದ ನೀರು, ಕೆಳಗೆ ಪಾಚಿ ಬಂಡೆ, ಮಧ್ಯೆ ಗುಂಡಿ. ಅಲ್ಲಿ ಪ್ರಾಣ ಕಳೆದುಕೊಂಡವರ ಸುದ್ದಿ ಎಷ್ಟು ಸಲ ಪೇಪರಿನಲ್ಲಿ ಓದಿಲ್ಲ ನೀವು? ನಲವತ್ತು ದಾಟಿದವರು, ಹೊಟ್ಟೆ ತುಂಬಾ ಉಂಡು, ಗೆಳೆಯರ ಮುಂದೆ ಧೈರ್ಯ ತೋರಿಸುವ ಜಾಗ ಅದಲ್ಲ. ನೀರು ನೋಡಬೇಕು ಅಂದರೆ ರಂಗನತಿಟ್ಟಿನಲ್ಲಿ ದೋಣಿ ಹತ್ತಿ. ಜನವರಿಯಲ್ಲಿ ಹಕ್ಕಿಗಳೂ ಇರುತ್ತವೆ.

ಮೂರನೇ ಸಾಲಿನ ಹುಡುಗಿ:
ಇಷ್ಟು ಹೊತ್ತು ಸುಮ್ನೆ ಓದುತ್ತಿದ್ದೆ. 38ರಲ್ಲಿ 11 ಹೆಣ್ಣುಮಕ್ಕಳು ಅಂದಿರಿ. ಆ 11ರಲ್ಲಿ ಎಷ್ಟು ಜನ ಗುಂಪಿನಲ್ಲಿ ಒಂದು ಸಲವಾದರೂ ಬಾಯಿ ಬಿಟ್ಟಿದ್ದಾರೆ? ಮನರಂಜನೆ ಏನು ಬೇಕು ಅಂತ ಅವರನ್ನು ಕೇಳಿದ್ದೀರಾ?

ನಮ್ಮ ಸಮ್ಮಿಲನದ ಕಥೆ ಹೇಳುತ್ತೇನೆ. ಆಂಕರ್ ಅಂತ ಒಬ್ಬರನ್ನು ಕರೆಸಿದ್ದರು. ಅವರು ಆಡಿಸಿದ ಮೊದಲ ಆಟವೇ "ಯಾರು ಯಾರಿಗೆ ಲೈನ್ ಹೊಡೀತಿದ್ರಿ, ಚೀಟಿಯಲ್ಲಿ ಬರೆದು ಹಾಕಿ". ಗಂಡಸರೆಲ್ಲಾ ಬಿದ್ದು ಬಿದ್ದು ನಕ್ಕರು. ನಮ್ಮಲ್ಲಿ ನಾಲ್ಕು ಜನ ಗಂಡ ಮಕ್ಕಳನ್ನು ಕರೆದುಕೊಂಡು ಬಂದಿದ್ದರು. ಒಬ್ಬಳ ಹೆಸರು ಮೂರು ಚೀಟಿಯಲ್ಲಿ ಬಂತು. ಅವಳು ಊಟ ಮಾಡದೆ ಹೊರಟಳು. ಗುಂಪಿನಿಂದಲೂ ಹೊರಗೆ ಹೋದಳು. "ಅಯ್ಯೋ, ತಮಾಷೆ ಅರ್ಥ ಆಗಲ್ಲ" ಅಂದರು. ತಮಾಷೆ ಯಾರ ಖರ್ಚಿನಲ್ಲಿ ಅಂತ ಯಾರೂ ಕೇಳಲಿಲ್ಲ.

ಆ ಆಟ ಬೇಡ. ಸಂಜೆ ಐದು ಅಂತ ಹೇಳಿ ಏಳು ಮಾಡಬೇಡಿ, ನಮಗೆ ಬಸ್ಸಿದೆ. ಮತ್ತೆ, ನಮ್ಮನ್ನು ಸ್ವಾಗತಕ್ಕೆ, ಆರತಿಗೆ, ರಂಗೋಲಿಗೆ ಮಾತ್ರ ನಿಲ್ಲಿಸಬೇಡಿ. ಖೋಖೋದಲ್ಲಿ ಹೋಬಳಿ ಮಟ್ಟಕ್ಕೆ ಹೋದವರು ನಾವು. ಹುಡುಗರು ಮೊದಲ ಸುತ್ತಿನಲ್ಲೇ ವಾಪಸ್ ಬಂದಿದ್ದರು.

ಮದ್ದೂರ್ ವಡೆ:
ಕೊನೆಯ ಸಾಲು ಸೂಪರ್ ಮೇಡಂ 😄

ಕಬ್ಬಿನಗದ್ದೆ:
ಮೇಡಂ, ನಿಜ ಹೇಳಬೇಕು ಅಂದರೆ ಆ ಚೀಟಿ ಆಟ ನಮ್ಮ ಪಟ್ಟಿಯಲ್ಲಿ ಇತ್ತು. ಈಗಲೇ ತೆಗೆದೆ. ಅವರನ್ನು ಕೇಳಿಲ್ಲ ಅನ್ನುವುದೂ ನಿಜ.

ಬೋರ್ಡಿನ ಸೀಮೆಸುಣ್ಣ:
ನಾನು ನಿವೃತ್ತ ಮೇಷ್ಟ್ರು. 31 ವರ್ಷ ಪಾಠ ಮಾಡಿದವನು. ಪಿಂಚಣಿ ಬರಲು ಶುರುವಾದ ಮೇಲೆ ವರ್ಷಕ್ಕೆ ಮೂರು ನಾಲ್ಕು ಇಂಥ ಸಮ್ಮಿಲನಕ್ಕೆ ಹೋಗುತ್ತಿದ್ದೇನೆ. ವೇದಿಕೆಯ ಮೇಲೆ ಕೂತವರಿಗೆ ಏನು ಕಾಣುತ್ತದೆ ಅಂತ ಹೇಳಲೇ?

ಮೊದಲನೆಯದು, "ನಾನ್ಯಾರು ಹೇಳಿ ಸಾರ್" ಅಂತ ಕೇಳಬೇಡಿ. ಹದಿನೈದು ವರ್ಷದ ಹುಡುಗನನ್ನು ನೋಡಿದ್ದೆ. ಈಗ ಮುಂದೆ ನಿಂತಿರುವುದು ಹೊಟ್ಟೆ ಬಂದ, ತಲೆ ಬೆಳ್ಳಗಾದ ನಲವತ್ತೊಂದರ ಗಂಡಸು. ಒಂದು ಸಲಕ್ಕೆ ಎಂಟು ಜನ ಸುತ್ತುವರಿದು ಕೇಳಿದರೆ ಪರೀಕ್ಷೆ ಬರೆಯುವವನ ಸ್ಥಿತಿ ನನ್ನದು. ತಪ್ಪು ಹೇಳಿದರೆ ನಿಮಗೂ ಬೇಜಾರು, ನನಗೂ. ಹೆಸರು, ಊರು, ಯಾವ ಬೆಂಚು ಅಂತ ನೀವೇ ಹೇಳಿಬಿಡಿ. ಉಳಿದದ್ದು ತಾನಾಗಿ ನೆನಪಿಗೆ ಬರುತ್ತದೆ.

ಎರಡನೆಯದು ಸನ್ಮಾನ. ಮೈಸೂರು ಪೇಟ ಆರು, ಶಾಲು ಹತ್ತೊಂಬತ್ತು ಇವೆ ನಮ್ಮ ಮನೆಯಲ್ಲಿ. ಹೆಂಡತಿ ಬೀರುವಿನ ಬಾಗಿಲು ಹಾಕಲಾಗದೆ ಬೈಯುತ್ತಾಳೆ. ಆ ದುಡ್ಡಿಗೆ ಕೈಯಿರುವ ಒಳ್ಳೆಯ ಕುರ್ಚಿ ಹಾಕಿಸಿ, ಫ್ಯಾನು ಇಡಿ. ಶೌಚಾಲಯದ ಬೀಗದ ಕೈ ಯಾರ ಹತ್ತಿರ ಇದೆ ಅಂತ ಬೆಳಿಗ್ಗೆಯೇ ಹೇಳಿ. ನಮ್ಮಲ್ಲಿ ಅರ್ಧ ಜನಕ್ಕೆ ಸಕ್ಕರೆ ಕಾಯಿಲೆ.

ಮೂರನೆಯದು, ಭಾಷಣ. ಮೈಕು ಕೊಟ್ಟರೆ ನಾವು ಬಿಡುವುದಿಲ್ಲ. ಇದು ವೃತ್ತಿ ರೋಗ. ಏಳು ಜನ ಮೇಷ್ಟ್ರು, ತಲಾ ಇಪ್ಪತ್ತು ನಿಮಿಷ ಅಂದರೆ ಊಟದ ಹೊತ್ತು ಮುಗಿಯಿತು. ಅದರ ಬದಲು ಒಂದೊಂದು ಬೆಂಚಿಗೆ ಒಬ್ಬೊಬ್ಬ ಮೇಷ್ಟ್ರನ್ನು ಕೂರಿಸಿ, ನೀವೇ ಬಂದು ಮಾತಾಡಿ.

ಇನ್ನು ನಾನು ನೋಡಿದ ಒಳ್ಳೆಯ ಮನರಂಜನೆ ಯಾವುದು ಅಂದರೆ, ಹಾಜರಿ. ಪಾಂಡವಪುರದ ಕಡೆಯ ಒಂದು ಶಾಲೆಯಲ್ಲಿ ಹಳೆಯ ದಾಖಲಾತಿ ಪುಸ್ತಕ ನೋಡಿ, ಎಂಟನೇ ಕ್ಲಾಸಿಗೆ ಸೇರಿದವರ ಹೆಸರನ್ನು ಕ್ರಮವಾಗಿ ಬರೆದು ಕೊಟ್ಟಿದ್ದರು. ಹಳೇ ಕೋಣೆಯಲ್ಲೇ ಎಲ್ಲರನ್ನೂ ಕೂರಿಸಿ ನನ್ನ ಕೈಯಲ್ಲಿ ಹಾಜರಿ ಕೂಗಿಸಿದರು. ಎಲ್ಲರೂ ಎದ್ದು ನಿಂತು "ಎಸ್ ಸಾರ್" ಅಂದರು. ಅದರಲ್ಲಿ ಒಬ್ಬರು ತಹಶೀಲ್ದಾರರು. ಬರದವರ ಹೆಸರು ಬಂದಾಗ ಗೊತ್ತಿದ್ದವರು ಎಲ್ಲಿದ್ದಾರೆ ಅಂತ ಹೇಳಿದರು. ತೀರಿಕೊಂಡವರ ಹೆಸರು ಬಂದಾಗ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಒಂದೂಕಾಲು ಗಂಟೆ ಹಿಡಿಯಿತು. ಒಬ್ಬನೂ ಫೋನ್ ತೆಗೆಯಲಿಲ್ಲ.

ಹಿಂದಿನ ಬೆಂಚು:
ಸಾರ್, ಇದು ಓದಿ ಕೈಯೆತ್ತಿ "ಎಸ್ ಸಾರ್" ಅನ್ನಬೇಕು ಅನ್ನಿಸಿತು.

ಕುಕ್ಕರಹಳ್ಳಿ ವಾಕರ್:
ಮೇಷ್ಟ್ರು ಹೇಳಿದ "ಎಂಟನೇ ಕ್ಲಾಸಿಗೆ ಸೇರಿದವರು" ಅನ್ನುವ ಮಾತನ್ನು ಗಮನಿಸಿ. ಕಬ್ಬಿನಗದ್ದೆಯವರೇ, ನಿಮ್ಮ 38 ಜನರ ಪಟ್ಟಿ ಎಲ್ಲಿಂದ ಬಂತು?

ಕಬ್ಬಿನಗದ್ದೆ:
ಎಸ್ಸೆಸ್ಸೆಲ್ಸಿ ಪಾಸಾದವರದ್ದು ಮತ್ತು ಅವರಿಗೆ ಗೊತ್ತಿದ್ದವರದ್ದು. ಯಾಕೆ?

ಕುಕ್ಕರಹಳ್ಳಿ ವಾಕರ್:
ಹೇಳುತ್ತೇನೆ. ನಾನು ಓದಿದ್ದು ಮೈಸೂರಿನಲ್ಲೇ, ಊರ ಅಂಚಿನ ಒಂದು ಶಾಲೆ. ನಾವೂ ಹಾಗೇ ಪಟ್ಟಿ ಮಾಡಿದೆವು. ಛತ್ರ ಹಿಡಿದೆವು, ಡಿಜೆ, ಫೋಟೋಗೆ ಹೂವಿನ ಗೋಡೆ, ಎಲ್ಲಾ ಇತ್ತು. ಊಟಕ್ಕೆ ಕೂತೆವು. ಎಲೆಗೆ ಪಲ್ಯ ಬಡಿಸುತ್ತಾ ಬಂದವನು ನನ್ನ ಮುಂದೆ ಒಂದು ಗಳಿಗೆ ನಿಂತ. ನಾನು ಕೈ ಅಡ್ಡ ಹಿಡಿದು "ಸಾಕು" ಅಂದೆ. ಅವನು ನನ್ನ ಅಡ್ಡಹೆಸರು ಹಿಡಿದು ಕರೆದ. ಆ ಹೆಸರು ನಮ್ಮ ಕ್ಲಾಸಿನವರಿಗೆ ಬಿಟ್ಟು ಬೇರೆಯವರಿಗೆ ಗೊತ್ತಿಲ್ಲ.

ಒಂಬತ್ತನೇ ಕ್ಲಾಸಿನ ಅರ್ಧದಲ್ಲಿ ಬಿಟ್ಟವನು. ನನ್ನ ಪಕ್ಕದ ಬೆಂಚು. ಅಡುಗೆಯವರ ಜೊತೆ ಬಡಿಸುವುದಕ್ಕೆ ಬಂದಿದ್ದ. ಹೊರಗೆ ಬ್ಯಾನರ್ ನೋಡಿ ಬೆಳಿಗ್ಗೆಯಿಂದಲೇ ಅವನಿಗೆ ಗೊತ್ತಿತ್ತು. "ಬಾ ಕೂತ್ಕೋ" ಅಂದೆ. "ಇನ್ನೂ ಎರಡು ಪಂಕ್ತಿ ಇದೆ ಕಣೋ" ಅಂದ. ಎರಡು ಪಂಕ್ತಿ ಆದ ಮೇಲೆ ಹುಡುಕಿದೆ, ಪಾತ್ರೆ ಲಾರಿ ಹೊರಟಾಗಿತ್ತು.

ಡಿಜೆಗೆ ಎಷ್ಟು ಕೊಟ್ಟೆವು ಅಂತ ಈಗ ನೆನಪಿಲ್ಲ.

ರಾಗಿಮುದ್ದೆ ರಂಗ:
😔

ಕಬ್ಬಿನಗದ್ದೆ:
ನಾಳೆ ಶಾಲೆಗೆ ಹೋಗಿ ದಾಖಲಾತಿ ಪುಸ್ತಕ ಕೇಳುತ್ತೇನೆ.

ಲೆಕ್ಕದ ಪುಸ್ತಕ:
ಕೇಳಿ, ಆದರೆ ಫೋಟೋ ಹೊಡೆದು ಗುಂಪಿಗೆ ಹಾಕಬೇಡಿ. ಅದರಲ್ಲಿ ಜಾತಿ, ಹುಟ್ಟಿದ ತಾರೀಖು, ಅಪ್ಪನ ಕಸುಬು ಎಲ್ಲಾ ಇರುತ್ತದೆ. ನಮ್ಮ ಗುಂಪಿನಲ್ಲಿ ಒಬ್ಬ ಹಾಗೆ ಹಾಕಿ, ಎರಡು ದಿನ ಬೇಡದ ಮಾತೆಲ್ಲಾ ಬಂತು. ಹೆಡ್‌ಮಾಸ್ಟರ ಎದುರಿಗೇ ಕೂತು ಹೆಸರು, ಊರು ಎರಡನ್ನೇ ಬರೆದುಕೊಂಡು ಬನ್ನಿ.

ಹಿಂದಿನ ಬೆಂಚು:
ಎಲ್ಲಾ ಸರಿ, ಅಳುವ ಕಾರ್ಯಕ್ರಮ ಆಗ್ತಾ ಇದೆ ಇದು. ಕುಣಿಯುವುದಕ್ಕೆ ಏನೂ ಇಲ್ವಾ? ಅಟ್‌ಲೀಸ್ಟ್ ಡೊಳ್ಳು ಕುಣಿತ ಕರೆಸಿ. ನಮ್ಮ ಮಂಡ್ಯದ ಕಲೆ.

ಬೋರ್ಡಿನ ಸೀಮೆಸುಣ್ಣ:
ಡೊಳ್ಳು ಬೀರೇಶ್ವರನ ಒಕ್ಕಲಿನವರದ್ದು, ಶಿವಮೊಗ್ಗ ಮತ್ತು ಉತ್ತರದ ಕಡೆ ಹೆಚ್ಚು ಹೆಸರುವಾಸಿ. ಮಂಡ್ಯ ಸೀಮೆಯದ್ದು ಅಂದರೆ ಪೂಜಾ ಕುಣಿತ, ಪಟದ ಕುಣಿತ, ಸೋಮನ ಕುಣಿತ. ಮೈಸೂರು, ಚಾಮರಾಜನಗರದ ಕಡೆ ಹೋದರೆ ಮಾದಪ್ಪನ ಒಕ್ಕಲಿನ ಕಂಸಾಳೆ.

ಮದ್ದೂರ್ ವಡೆ:
ಪೂಜಾ ಕುಣಿತ ಇಟ್ಟರೆ ಚೆನ್ನಾಗಿರುತ್ತದೆ. ಹಾಡು ಇಲ್ಲ, ಮೈಕು ಬೇಡ. ತಲೆ ಮೇಲೆ ಆ ಬಿದಿರಿನ ಪಟ್ಟ ಹೊತ್ತು, ಕೈ ಬಿಟ್ಟು ತಮಟೆ ಏಟಿಗೆ ಹೆಜ್ಜೆ ಹಾಕುವುದು ನೋಡಿದರೆ ಮೈ ಜುಮ್ ಅನ್ನುತ್ತದೆ.

ಮೂರನೇ ಸಾಲಿನ ಹುಡುಗಿ:
ಅದು ದೇವತೆಯ ಪೂಜೆ ಅಲ್ವಾ? ಗೇಟಿನಲ್ಲಿ ನಿಂತು ನಮ್ಮನ್ನ ಸ್ವಾಗತ ಮಾಡುವುದಕ್ಕೆ ಕರೆಯುವುದು ಯಾಕೋ ಸರಿ ಕಾಣಲ್ಲ.

ಮದ್ದೂರ್ ವಡೆ:
ದಸರಾ ಮೆರವಣಿಗೆಯಲ್ಲಿ ಬರುತ್ತದೆ, ಸಾಹಿತ್ಯ ಸಮ್ಮೇಳನದಲ್ಲಿ ಬರುತ್ತದೆ. ನಮ್ಮ ಶಾಲೆಗೆ ಬಂದರೆ ಏನಾಯಿತು?

ವಿಸಿ ನಾಲೆ ಏರಿ:
ಕಬ್ಬಿನಗದ್ದೆ, ಒಂದು ಮಾತು. ತಮಟೆಯವರನ್ನು ಕರೆಸುವ ಮುಂಚೆ ನಿಮ್ಮ ಕ್ಲಾಸಿನಲ್ಲೇ ತಮಟೆ ಹೊಡೆಯುವವರು ಇದ್ದರಾ ನೋಡಿ. ಇದ್ದರೆ ಅವರನ್ನು ಮೊದಲು ಸಹಪಾಠಿ ಅಂತ ಕರೆಯಿರಿ. ಅವರಾಗಿ ಇಷ್ಟಪಟ್ಟು ಬಾರಿಸಿದರೆ ಸರಿ, ಇಲ್ಲದಿದ್ದರೆ ಅವರೂ ಕುರ್ಚಿ ಮೇಲೆ ಕೂರಲಿ. ಬೇರೆ ತಂಡ ಕರೆಸಿ. "ನೀನು ಹೇಗೂ ನಮ್ಮವನು, ಬಾರಿಸಿಬಿಡು" ಅಂತ ಪುಕ್ಕಟೆ ಮಾಡಿಸಬೇಡಿ.

ಕಬ್ಬಿನಗದ್ದೆ:
ಇದ್ದಾನೆ. ಗುಂಪಿನಲ್ಲಿ ಇಲ್ಲ.

ಎಕ್ಸ್‌ಪ್ರೆಸ್‌ವೇ ಬೇಸತ್ತವನು:
ವಿಷಯ ಬದಲಿಸುತ್ತೇನೆ. 2000 ಬ್ಯಾಚ್ ಅಂದರೆ ನೀವು ಪಿಯುಸಿಗೆ ಸೇರಿದ ಕೂಡಲೇ ಅಣ್ಣಾವ್ರ ಅಪಹರಣ ಅಲ್ವಾ?

ಹಿಂದಿನ ಬೆಂಚು:
ಹೂಂ, ನಾನೂ ಅದೇ ವರ್ಷದವನು. ಜುಲೈ 30, ಗಾಜನೂರಿನಿಂದ. 108 ದಿನ. ಹೊಸ ಕಾಲೇಜು, ಹೊಸ ಪ್ಯಾಂಟು, ಬಸ್ಸೇ ಇಲ್ಲ. ನಮ್ಮೂರಿನಿಂದ ಮಂಡ್ಯಕ್ಕೆ ನಡೆದುಕೊಂಡು ಹೋಗಿ, ಗೇಟು ಹಾಕಿದೆ ಅಂತ ಗೊತ್ತಾಗಿ, ನಡೆದುಕೊಂಡೇ ವಾಪಸ್ ಬಂದೆವು. ರೇಡಿಯೋ ಬಿಟ್ಟು ಏಳುತ್ತಿರಲಿಲ್ಲ ನಮ್ಮಪ್ಪ.

ರಾಗಿಮುದ್ದೆ ರಂಗ:
ಆಗ ಸೈಕಲ್ಲೂ ಇಲ್ಲ ನಿಮಗೆ. ಸರ್ಕಾರ ಸೈಕಲ್ ಕೊಡಲು ಶುರು ಮಾಡಿದ್ದು 2006ರಲ್ಲಿ. ಬಿಸಿಯೂಟವೂ ಇಲ್ಲ. ಡಬ್ಬಿಯಲ್ಲಿ ಏನು ತರುತ್ತಿದ್ದಿರಿ?

ಹಿಂದಿನ ಬೆಂಚು:
ನಾವು ತರುತ್ತಿರಲಿಲ್ಲ, ತಂದವರದ್ದು ತಿನ್ನುತ್ತಿದ್ದೆವು.

ಮೂರನೇ ಸಾಲಿನ ಹುಡುಗಿ:
ಇದನ್ನೇ ಮಾಡಿ! ಮಧ್ಯಾಹ್ನ ದೊಡ್ಡ ಊಟ ಇರಲಿ. ಆದರೆ 11 ಗಂಟೆಗೆ ಇಂಟರ್‌ವಲ್ ಅಂತ ಬಿಡಿ. ಎಲ್ಲರೂ ಆಗ ಏನು ತಿನ್ನುತ್ತಿದ್ದರೋ ಅದನ್ನು ಸ್ವಲ್ಪ ತರಲಿ. ಹುಣಸೆಹಣ್ಣಿಗೆ ಉಪ್ಪು ಖಾರ, ಬೇಯಿಸಿದ ಅವರೆಕಾಯಿ, ಕಡಲೆಕಾಯಿ, ಕಬ್ಬಿನ ಜಲ್ಲೆ, ಅಚ್ಚು ಬೆಲ್ಲ. ಸಂಕ್ರಾಂತಿ ಕಾಲ, ಎಲ್ಲಾ ಮನೆಯಲ್ಲೇ ಇರುತ್ತದೆ. ಶಾಲೆ ಮುಂದೆ ಐಸ್‌ಕ್ಯಾಂಡಿ ಮಾರುತ್ತಿದ್ದವರು ಇದ್ದರೆ ಅವರನ್ನೂ ಕರೆಯಿರಿ.

ಚಾಮುಂಡಿ ಮೆಟ್ಟಿಲು:
ಕಬ್ಬಿನ ಜಲ್ಲೆ ಸಿಗಿಯುವ ಪಂದ್ಯ ಇಡಿ. ಅರ್ಧ ಜನಕ್ಕೆ ಹಲ್ಲು ಇದೆಯೋ ಇಲ್ಲವೋ ಗೊತ್ತಾಗುತ್ತದೆ.

ರಾಗಿಮುದ್ದೆ ರಂಗ:
ಊಟಕ್ಕೆ ಮುದ್ದೆ, ಬನ್ನೂರು ಕುರಿ ಬಾಡು ಮರೆಯಬೇಡಿ.

ಮದ್ದೂರ್ ವಡೆ:
ಬಂಡೂರು ಕುರಿ. ಬಂಡೂರು ಇರುವುದು ಮಳವಳ್ಳಿ ತಾಲ್ಲೂಕಿನಲ್ಲಿ, ಮಂಡ್ಯ ಜಿಲ್ಲೆ.

ಕುಕ್ಕರಹಳ್ಳಿ ವಾಕರ್:
ಬನ್ನೂರು ಅಂತಲೂ ಕರೆಯುತ್ತಾರೆ. ಮೈಸೂರು ಜಿಲ್ಲೆ.

ಮದ್ದೂರ್ ವಡೆ:
ಮೈಸೂರು ಪಾಕು, ಮೈಸೂರು ಮಲ್ಲಿಗೆ, ಮೈಸೂರು ವೀಳ್ಯದೆಲೆ ಎಲ್ಲಾ ಇಟ್ಟುಕೊಂಡಿದ್ದೀರಿ. ಒಂದು ಕುರಿನಾದರೂ ನಮಗೆ ಬಿಡಿ ಸ್ವಾಮಿ.

ಲೆಕ್ಕದ ಪುಸ್ತಕ:
ಯಾವ ಕುರಿಯಾದರೂ ಆಗಲಿ, ಅಪ್ಪಟ ತಳಿ ತರುತ್ತೇವೆ ಅಂದರೆ 57 ಸಾವಿರ ಸಾಲದು. ಭಾನುವಾರ ಆದರೂ ಕೆಲವರು ತಿನ್ನುವುದಿಲ್ಲ. ಅವರಿಗೆ ಬೇರೆ ಒಲೆ, ಬೇರೆ ಸೌಟು. ಮುಂಚೆಯೇ ಲೆಕ್ಕ ಹಾಕಿ. ಬೀಡಾ ಎಣಿಸುವಾಗ ಇದು ನೆನಪಾದರೆ ಪ್ರಯೋಜನ ಇಲ್ಲ.

ಹಿಂದಿನ ಬೆಂಚು:
ಮತ್ತೆ "ಅದು"? ಅದರ ಬಗ್ಗೆ ಯಾರೂ ಮಾತಾಡ್ತಾ ಇಲ್ಲ.

ಬೋರ್ಡಿನ ಸೀಮೆಸುಣ್ಣ:
ಶಾಲೆಯ ಆವರಣ ಮರಿ ಅದು.

ಹಿಂದಿನ ಬೆಂಚು:
ಸರಿ ಸಾರ್. ತಪ್ಪಾಯ್ತು ಸಾರ್.

ಲೆಕ್ಕದ ಪುಸ್ತಕ:
ಬೇರೆ ಜಾಗದಲ್ಲಿ ಮಾಡಿದರೂ ಸುಮ್ನೆ ಕೇಸ್ ಗಟ್ಟಲೆ ತಂದು ಹಂಚುವ ಹಾಗಿಲ್ಲ. ಅಬಕಾರಿ ಇಲಾಖೆಯಿಂದ ಸಿಎಲ್-5 ಅಂತ ಒಂದು ದಿನದ ಪರವಾನಗಿ ತೆಗೆದುಕೊಳ್ಳಬೇಕು. ಇದು ಗೊತ್ತಿಲ್ಲದೆ ಸಿಕ್ಕಿಬಿದ್ದವರು ಇದ್ದಾರೆ.

ವಿಸಿ ನಾಲೆ ಏರಿ:
ಆಟದ ಬಗ್ಗೆ ಒಂದು ಎಚ್ಚರಿಕೆ. ನಮ್ಮಲ್ಲಿ ಹಗ್ಗಜಗ್ಗಾಟ ಇಟ್ಟಿದ್ದರು. ಇಪ್ಪತ್ತು ವರ್ಷ ಕಂಪ್ಯೂಟರ್ ಮುಂದೆ ಕೂತವನು ಒಂದು ಕಡೆ, ದಿನಾ ಮೂಟೆ ಹೊರುವವನು ಇನ್ನೊಂದು ಕಡೆ. ಒಂದೇ ಎಳೆತ. ನಾಲ್ಕು ಜನ ಮುಗ್ಗರಿಸಿದರು, ಒಬ್ಬನ ಭುಜ ಜಾರಿತು. ಮಧ್ಯಾಹ್ನ ಪೂರ್ತಿ ಮಂಡ್ಯದಲ್ಲಿ ಎಕ್ಸ್‌ರೇ ಕೋಣೆ ಮುಂದೆ ಕೂತಿದ್ದೆವು. ಅಲ್ಲಿ ಮಾತ್ರ ಚೆನ್ನಾಗಿ ಮಾತಾಡಿದೆವು ಅನ್ನಿ. ಕಬಡ್ಡಿ, ಹಗ್ಗ ಬೇಡ. ಬುಗುರಿ, ಗೋಲಿ, ಕುಂಟೆಬಿಲ್ಲೆ, ಲಗೋರಿ ಇಡಿ. ಲಗೋರಿಗೆ ಬಟ್ಟೆ ಚೆಂಡು.

ಮೂರನೇ ಸಾಲಿನ ಹುಡುಗಿ:
ಖೋಖೋ ಇರಲಿ.

ವಿಸಿ ನಾಲೆ ಏರಿ:
ಖೋಖೋ ಇರಲಿ. ನಿಮ್ಮನ್ನು ಎದುರು ಹಾಕಿಕೊಳ್ಳುವ ಧೈರ್ಯ ನನಗಿಲ್ಲ.

ಕುಕ್ಕರಹಳ್ಳಿ ವಾಕರ್:
ಹಾಡು ಬೇಕು ಅನ್ನುವವರಿಗೆ ಅಂತ್ಯಾಕ್ಷರಿ ಸಾಕು. ಒಂದು ಸಣ್ಣ ಮೈಕ್ ಇರುವ ಡಬ್ಬ ಬಾಡಿಗೆಗೆ ಸಿಗುತ್ತದೆ. ಬೆಳಗಿನ ಪ್ರಾರ್ಥನೆಯಿಂದ ಶುರು ಮಾಡಿ. ನೋಡಿ, ಹಾಡು ಬರಲ್ಲ ಅನ್ನುವವನಿಗೂ ಅದು ಪೂರ್ತಿ ಬರುತ್ತದೆ. ಹಳೆಯ ಗ್ರೂಪ್ ಫೋಟೋ ಇದ್ದರೆ ದೊಡ್ಡದಾಗಿ ಅಚ್ಚು ಹಾಕಿಸಿ ಗೋಡೆಗೆ ಹಾಕಿ. ಪ್ರೊಜೆಕ್ಟರ್ ನಂಬಬೇಡಿ, ಹಗಲು ಹೊತ್ತು ಏನೂ ಕಾಣುವುದಿಲ್ಲ. ಫ್ಲೆಕ್ಸ್ ನಮ್ಮ ರಾಜ್ಯದಲ್ಲಿ 2016ರಿಂದ ನಿಷೇಧ, ಬಟ್ಟೆ ಮೇಲೆ ಅಚ್ಚು ಹಾಕುವವರು ಇದ್ದಾರೆ. ಸಂಜೆ ಇನ್ನೂ ಜೋಶ್ ಉಳಿದವರು ಮೈಸೂರಿಗೆ ಬನ್ನಿ, ನಲವತ್ತೈದು ಕಿಲೋಮೀಟರು. ಭಾನುವಾರ ಏಳು ಗಂಟೆಗೆ ಅರಮನೆ ದೀಪ ಹಾಕುತ್ತಾರೆ. ಹತ್ತಿರ ಹತ್ತಿರ ಒಂದು ಲಕ್ಷ ಬಲ್ಬು. ಹೊರಗೆ ನಿಂತು ನೋಡಿದರೂ ಚೆಂದವೇ.

ಕಬ್ಬಿನಗದ್ದೆ:
ಮೂರು ದಿನ ಆದ ಮೇಲೆ ಬರೆಯುತ್ತಿದ್ದೇನೆ. ಶಾಲೆಗೆ ಹೋಗಿದ್ದೆ. ದಾಖಲಾತಿ ಪುಸ್ತಕದಲ್ಲಿ ನಮ್ಮ ವರ್ಷ ಎಂಟನೇ ಕ್ಲಾಸಿಗೆ ಸೇರಿದವರು 71 ಜನ. ನಮ್ಮ ಗುಂಪಿನಲ್ಲಿ 38. ನನ್ನ ಪಕ್ಕದ ಮನೆಯವಳೇ ಆ ಪುಸ್ತಕದಲ್ಲಿ ಇದ್ದಾಳೆ. ಒಂಬತ್ತಕ್ಕೆ ಬಿಡಿಸಿ ಮದುವೆ ಮಾಡಿದ್ದರು. ದಿನಾ ನೋಡುತ್ತೇನೆ, ಒಂದು ಸಲವೂ ಹೊಳೆದಿರಲಿಲ್ಲ ನನಗೆ. ಇವತ್ತು ಹೋಗಿ ಕರೆದೆ. "ನಾನ್ಯಾಕೆ ಬರಲಿ, ನಾನು ಪಾಸಾಗಿಲ್ವಲ್ಲ" ಅಂದಳು. ಆಮೇಲೆ "ಯಾವ ಸೀರೆ ಉಡ್ಬೇಕು, ಎಲ್ಲರಿಗೂ ಒಂದೇ ಬಣ್ಣನಾ?" ಅಂತಲೂ ಕೇಳಿದಳು. ಬರುತ್ತಾಳೆ ಅನ್ನಿಸುತ್ತದೆ.

71ರಲ್ಲಿ ಆರು ಜನ ಇಲ್ಲ. ಇನ್ನು ಒಂಬತ್ತು ಜನರ ಪತ್ತೆ ಸಿಕ್ಕಿಲ್ಲ. ತಮಟೆಯವನ ಮನೆಗೂ ಹೋಗಿ ಬಂದೆ. ಬಾರಿಸುವುದಿಲ್ಲ, ಬರುತ್ತೇನೆ ಅಂದ. ಅಷ್ಟು ಸಾಕು. ತಲೆಗೆ 1,500 ತೆಗೆದೆವು. ಆದವರು ಆದಷ್ಟು ಕೊಡಲಿ, ಯಾರು ಎಷ್ಟು ಅಂತ ಗುಂಪಿನಲ್ಲಿ ಹಾಕುವುದಿಲ್ಲ. ಆರ್ಕೆಸ್ಟ್ರಾ ಬೇಡ ಅಂತ ಆಯಿತು. ಇಬ್ಬರು ಮುನಿಸಿಕೊಂಡು ಗುಂಪು ಬಿಟ್ಟರು, ಒಬ್ಬ ರಾತ್ರಿಯೇ ವಾಪಸ್ ಬಂದ.

10 ಗಂಟೆಗೆ ಬೆಲ್ಲು, ಪ್ರಾರ್ಥನೆ, ಹಾಜರಿ. ಇಂಟರ್‌ವಲ್, ಆಟ, ಊಟ, ಅಂತ್ಯಾಕ್ಷರಿ, ಐದಕ್ಕೆ ಲಾಂಗ್ ಬೆಲ್ಲು. ಒಂದೇ ಕೊರತೆ. ಶಾಲೆಯಲ್ಲಿ ಈಗ ಕರೆಂಟ್ ಬೆಲ್ಲು. ನಮ್ಮ ಕಾಲದಲ್ಲಿ ಬೇವಿನ ಮರಕ್ಕೆ ನೇತು ಹಾಕಿದ್ದ ರೈಲು ಕಂಬಿ ತುಂಡು ಎಲ್ಲಿ ಹೋಯಿತೋ ಯಾರಿಗೂ ಗೊತ್ತಿಲ್ಲ. ಆ ಸದ್ದು ಇಲ್ಲದೆ ಹೇಗೆ ಶುರು ಮಾಡುವುದು ಅಂತ ಯೋಚನೆ.

ಬೋರ್ಡಿನ ಸೀಮೆಸುಣ್ಣ:
ಗುಜರಿ ಅಂಗಡಿಯಲ್ಲಿ ಕೇಳಿ. ಕಂಬಿ ಹಳೆಯದಾದಷ್ಟೂ ಸದ್ದು ಚೆನ್ನ.

ಎರಡು ವರ್ಷ ಕಿರಿಯ:
ಈ ಚರ್ಚೆಗೆ ಬರೆಯುತ್ತಿರುವುದು ಮೊದಲ ಸಲ. ಬೇವಿನ ಮರ, ರೈಲು ಕಂಬಿ ಅಂದಿರಿ. ಪಕ್ಕದಲ್ಲಿ ಒಡೆದ ನೀರಿನ ತೊಟ್ಟಿ, ಅದರ ಹಿಂದೆ ನಾಲೆಗೆ ಹೋಗುವ ಕಾಲುದಾರಿ ಇತ್ತಾ?

ಕಬ್ಬಿನಗದ್ದೆ:
ಇತ್ತು! ನೀವು ಯಾರು?

ಎರಡು ವರ್ಷ ಕಿರಿಯ:
ನಾನ್ಯಾರು ಅನ್ನುವುದು ಆಮೇಲೆ ಹೇಳುತ್ತೇನೆ. ಆ ಕಂಬಿ ನಮ್ಮ ಕೊಟ್ಟಿಗೆಯಲ್ಲಿದೆ. ಮರ ಬಿದ್ದಾಗ ಅನಾಥವಾಗಿ ಬಿದ್ದಿತ್ತು ಅಂತ ನಮ್ಮಣ್ಣ ತಂದ. ಅದರ ಮೇಲೆ ಇಟ್ಟು ಕುಡುಗೋಲು ತಟ್ಟುತ್ತೇವೆ.

ಕಬ್ಬಿನಗದ್ದೆ:
ಭಾನುವಾರ ಒಂಬತ್ತೂವರೆಗೆ ತಂದುಬಿಡಿ ಪುಣ್ಯಾತ್ಮರೇ. ಊಟ ಮಾಡಿಕೊಂಡೇ ಹೋಗಬೇಕು.

ಹಿಂದಿನ ಬೆಂಚು:
ಬರುವಾಗ ಸುತ್ತಿಗೆಯನ್ನೂ ತನ್ನಿ. ಅದನ್ನೂ ನಿಮ್ಮಣ್ಣನೇ ತಗೊಂಡು ಹೋಗಿರಬೇಕು.